ಕೈ ಕಟ್, ಬಾಯ್ ಮುಚ್

ಯಾರಾದರೂ ಕಿವುಡರನ್ನು 'ಮೂಗ' ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಳವಳ್ಳಿಯಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಗೆಳತಿಯನ್ನು ಇಡೀ ಊರೇ 'ಮೂಗಿ' ಅನ್ನುತ್ತಿತ್ತು. ನಿಡಘಟ್ಟದವಳು, ಹುಟ್ಟುಕಿವುಡಿ. ಅವಳಷ್ಟು ಬಾಯಿಬಡುಕಿಯಾದ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟರೆ ಸಾಕು, ಎರಡೂ ಕೈ ಬಿಡುವಾಗಿ ಜಗಳಕ್ಕೆ ನಿಲ್ಲುತ್ತಿದ್ದಳು.

ಜಗಳ ಯಾವಾಗಲೂ ಒಂದೇ. ಊರಿನ ನಾಲ್ಕು ಜನ ಸೇರಿ ನಡೆಸುತ್ತಿದ್ದ ಶಾಲೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ನನಗೆ ಕಿವಿ ಕೇಳುತ್ತದೆ. ಮಕ್ಕಳನ್ನು ಕನ್ನಡಿ ಮುಂದೆ ಕೂರಿಸಿ ತುಟಿ ಓದಿಸುವುದು, ಗಂಟಲ ಮೇಲೆ ಕೈಯಿಡಿಸಿ ದನಿ ಹೊರಡಿಸುವುದು, ಇವನ್ನೆಲ್ಲ ಮೈಸೂರಿನಲ್ಲಿ ಕಲಿತು ಬಂದಿದ್ದೆ. ಅವಳದು ಕೈಯ ಪಾಠ. ಮೀಸೆ ತಿರುವಿದರೆ ಅಪ್ಪ, ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅಮ್ಮ. ನನ್ನ ಪಾಠದಲ್ಲಿ ಮಕ್ಕಳು ಆಕಳಿಸುತ್ತಿದ್ದವು, ಅವಳ ಪಾಠದಲ್ಲಿ ಪ್ರಶ್ನೆ ಕೇಳುತ್ತಿದ್ದವು. 'ಆ ಕನ್ನಡೀನ ಮಾರಿಬಿಡು' ಎಂದು ಕೈಯಲ್ಲೇ ರೇಗಿಸುತ್ತಿದ್ದಳು.

ಮಕ್ಕಳಲ್ಲಿ ಬಹಳ ಚುರುಕಾದವಳು ಪೇಟೆಯ ಮುಸಲ್ಮಾನ್ ಮೆಕ್ಯಾನಿಕ್ ಒಬ್ಬನ ಮಗಳು. ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಮದ್ದೂರಿನ ಬಸ್ಸುಗಳನ್ನು ರಿಪೇರಿ ಮಾಡಿ, ಮೈಯೆಲ್ಲ ಮಸಿ ಮಾಡಿಕೊಂಡೇ ಮಗಳನ್ನು ಕರೆದೊಯ್ಯಲು ಬರುತ್ತಿದ್ದ. ಆತನಿಗೆ ಒಂದೇ ಆಸೆ, ಮಗಳು ತನ್ನನ್ನು ಬಾಯಿಂದ ಅಪ್ಪ ಎಂದು ಕರೆಯಬೇಕು.

"ಒಂದ್ಸಲ ಅಬ್ಬಾ ಅನ್ಲಿ ಟೀಚರಮ್ಮ. ಬ್ಯಾರೆ ಏನೂ ಬ್ಯಾಡ."

ನಮಗೆ ಆ ಬೇರೆಯದೆಲ್ಲ ಬೇಕಿತ್ತು. ಅವಳು ಓದಬೇಕು, ಬರೆಯಬೇಕು, ಮುಂದೊಂದು ದಿನ ನನ್ನ ಗೆಳತಿಯ ಹಾಗೆ ತಾನೇ ನಿಂತು ಪಾಠ ಹೇಳಬೇಕು.

ಒಂದು ಮಧ್ಯಾಹ್ನ ಶಾಲೆಯ ಅಧ್ಯಕ್ಷರು ಬಂದರು. ಊರಿನ ವಕೀಲರು, ಬಾಯಿ ತುಂಬ ಎಲೆ ಅಡಿಕೆ. ರೇಷನ್ ಮೂಟೆಗಳನ್ನು ಇಡಲು ಜಾಗ ಬೇಕಾಗಿತ್ತು. ಮಕ್ಕಳಿಗೆ ಮಾತು ಬಂದಿದ್ದರೆ ಕೋಣೆ ನಮ್ಮದು, ಇಲ್ಲವಾದರೆ ಮೂಟೆಗಳದು ಎಂದರು. ಮೆಕ್ಯಾನಿಕನ ಮಗಳು ಮುಂದೆ ಬಂದು ಸಲಾಮು ಮಾಡಿ, ನಿಮ್ಮೂರು ಯಾವುದು ಎಂದು ಕೈಯಲ್ಲಿ ಕೇಳಿದಳು.

"ಈ ಕೋತಿಚೇಷ್ಟೆ ಎಲ್ಲ ಬೇಡ," ಅಂದರು ಅಧ್ಯಕ್ಷರು. "ಕೈ ಕಟ್ಟಿಕೊಳ್ಳಲಿ. ಬಾಯಲ್ಲಿ ಹೇಳಲಿ."

ಪಕ್ಕದ ತರಗತಿಗಳಲ್ಲಿ ದಿನವೂ ಮೇಷ್ಟ್ರುಗಳು "ಕೈ ಕಟ್, ಬಾಯ್ ಮುಚ್" ಎಂದು ಕೂಗುತ್ತಿದ್ದರು. ನಮ್ಮ ಮಕ್ಕಳಿಗೆ ಎರಡನೆಯದನ್ನು ಹೇಳುವ ಅಗತ್ಯವೇ ಇಲ್ಲ. ಕೈ ಕಟ್ಟಿಸಿದರೆ ಬಾಯಿ ಮುಚ್ಚಿಸಿದ ಹಾಗೆಯೇ.

ಅಧ್ಯಕ್ಷರು ಬಗ್ಗಿ ಅವಳಿಗೆ "ಅಮ್ಮ" ಅಂದರು. ಹುಡುಗಿ ಕೈ ಕಟ್ಟಿಕೊಂಡೇ ಅವರ ಕೆಂಪು ತುಟಿಗಳನ್ನು ನೋಡಿದಳು. ಆಮೇಲೆ ಒರಟು ದನಿಯಲ್ಲಿ, ಆದರೆ ಸ್ಪಷ್ಟವಾಗಿ ಅಂದಳು.

"ಅಬ್ಬಾ."

ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅವಳಪ್ಪ ಮಸಿ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅಧ್ಯಕ್ಷರು "ತಪ್ಪು" ಅಂದರು.

ತಪ್ಪಂತೆ! ಕನ್ನಡಿ ಮುಂದೆ ನಿಂತು ಸದ್ದು ಮಾಡದೆ ಅಮ್ಮ, ಅಪ್ಪ, ಅಬ್ಬಾ ಅಂದು ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಕೂಡಿಕೊಂಡು ಬಿಟ್ಟುಕೊಳ್ಳುತ್ತದೆ. ನಾನು ಅದನ್ನೇ ಹೇಳಿದೆ, ಅವರು ನಂಬಲಿಲ್ಲ. ಗೆಳತಿ ನನ್ನ ಭುಜ ತಟ್ಟಿ, 'ನೀನು ಸದ್ದಿಲ್ಲದೆ ಹೇಳು, ಅವರೇ ಓದಲಿ' ಎಂದು ಕೈಮಾಡಿದಳು. ನಾನು ಬರೀ ತುಟಿಯಲ್ಲಿ 'ಅಪ್ಪ' ಅಂದೆ.

"ಅಮ್ಮ," ಅಂದರು ಅಧ್ಯಕ್ಷರು, ಬಹಳ ಧೈರ್ಯವಾಗಿ.

ನಾನು ಅಂದದ್ದು ಅಪ್ಪ ಎಂದೆ. ಅವರು ನಕ್ಕರು.

"ಇರಲಿ ಬಿಡಿಯಮ್ಮ. ನನಗೆ ಕಿವಿ ಇದೆ, ನಾನ್ಯಾಕೆ ಅದನ್ನ ಕಲೀಲಿ?"

ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಆ ವಾರವೇ ಕೋಣೆಗೆ ರಾಗಿ ಮೂಟೆಗಳು ಬಂದು ಬಿದ್ದವು. ಗೆಳತಿ ಅಳಲಿಲ್ಲ, ನಮ್ಮ ಬಾಡಿಗೆ ಮನೆಯ ಜಗಲಿ ಗುಡಿಸಿದಳು. ಉಳಿದ ಮಕ್ಕಳೆಲ್ಲ ಅಲ್ಲಿಗೆ ಬಂದವು. ಮೆಕ್ಯಾನಿಕನ ಮಗಳು ಮಾತ್ರ ಬರಲಿಲ್ಲ.

ಇಬ್ಬರೂ ಅವರ ಮನೆಗೆ ಹೋದೆವು. ಆತ ಚಾಪೆ ಹಾಸಿ, ಟೀ ತರಿಸಿಕೊಟ್ಟ. ಮುಖದಲ್ಲಿ ಹಬ್ಬದ ಕಳೆ.

"ಇನ್ಯಾಕಮ್ಮ ಇಸ್ಕೂಲು? ಅಬ್ಬಾ ಅಂದ್ಬುಟ್ಲಲ್ಲ. ಮಾತು ಬಂತು. ಮಾತು ಬಂದ್ ಮ್ಯಾಕೆ ಕಿವೀನೂ ಬತ್ತದೆ. ಸಾಕು ಬುಡಿ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅದೇ ಒಂದು ಮಾತು. ಒಬ್ಬರು ಅದು ತಪ್ಪು ಅಂದು ಶಾಲೆ ಮುಚ್ಚಿಸಿದರು, ಈತ ಸರಿ ಅಂದು ಮಗಳನ್ನು ಶಾಲೆ ಬಿಡಿಸಿದ. ಅಧ್ಯಕ್ಷರನ್ನಾದರೂ ಮನಸಾರೆ ಬಯ್ಯಬಹುದು. ಇಷ್ಟು ಸಂತೋಷವಾಗಿರುವ ಅಪ್ಪನನ್ನು ಏನೆಂದು ಬಯ್ಯುವುದು?

ಗೆಳತಿ ಟೀ ಲೋಟ ಕೆಳಗಿಟ್ಟಳು. ಅವಳು ಕೈಯಲ್ಲಿ ಕೇಳಿದ್ದನ್ನು ನಾನು ಬಾಯಲ್ಲಿ ಹೇಳಿದೆ.

"ಅವಳು ನಿಮ್ಮನ್ನ ಕರೆದಳು, ಸರಿ. ನೀವು ಅವಳನ್ನ ಹೇಗೆ ಕರೀತೀರಿ?"

"ಅದೇನ್ ಕಷ್ಟ ಕಣಮ್ಮ?" ಎಂದು ನಗುತ್ತ, ಒಳಕ್ಕೆ ತಿರುಗಿ ಮಗಳ ಹೆಸರು ಕೂಗಿದ.

ಹಜಾರದ ಆಚೆ ತುದಿಯಲ್ಲಿ ಹುಡುಗಿ ನಮಗೆ ಬೆನ್ನು ಮಾಡಿಕೊಂಡು ಅಕ್ಕಿ ಆರಿಸುತ್ತ ಕೂತಿದ್ದಳು. ಆತ ಮತ್ತೆ ಕೂಗಿದ, ಇನ್ನೂ ಜೋರಾಗಿ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನಮ್ಮ ಕಡೆ ನೋಡಿದರು. ಅವಳು ಮೊರದಿಂದ ತಲೆ ಎತ್ತಲಿಲ್ಲ.