ಹೆಸರಿನ ಹಿಂದಿನ ‘ದಿ.’

ನಮ್ಮ ಜನನ, ಮರಣ, ವಿವಾಹ ನೋಂದಣಿ ಕಚೇರಿಯಲ್ಲಿ ಸಹಿ ಸಾಹೇಬರದು, ಮಾತು ಚುಕ್ಕಿರಾಯರದು. ರೆಕಾರ್ಡ್ ರೂಮಿನ ಗುಮಾಸ್ತರು ಅವರು. ಇನಿಷಿಯಲ್ ಪಕ್ಕ ಚುಕ್ಕಿ ಇಲ್ಲದ ಅರ್ಜಿಯನ್ನು ಕಿಟಕಿಯಿಂದಲೇ ವಾಪಸು ಮಾಡುತ್ತಿದ್ದರಾದ್ದರಿಂದ ಆ ಹೆಸರು. ಇಟ್ಟವನು ನಾನೇ. ಇಪ್ಪತ್ತು ವರ್ಷ ಅವರ ಪಕ್ಕದ ಟಪಾಲು ಮೇಜಿನಲ್ಲಿ ಕೂತವನಿಗೆ ಅಷ್ಟು ಹಕ್ಕಾದರೂ ಬೇಡವೇ?

ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಇರಬೇಕು, ಗೀಚಬಾರದು, ಅಳಿಸಬಾರದು. ಅವರಿಗೆ ತಿಳಿದ ಧರ್ಮ ಅದೊಂದೇ. ಒಮ್ಮೆ ನಿವೃತ್ತ ಪೋಸ್ಟ್‌ಮನ್ನರೊಬ್ಬರು ಬಂದು, ಸತ್ತದ್ದು ನಮ್ಮಣ್ಣ, ನೀವು ನನ್ನ ಹೆಸರು ಬರೆದಿದ್ದೀರಿ, ನಾನು ನಿಮ್ಮೆದುರೇ ನಿಂತಿದ್ದೇನಲ್ಲ ಎಂದರು. ರಾಯರು ಕನ್ನಡಕದ ಮೇಲಿನಿಂದ ಅವರನ್ನು ನೋಡಿದರು. ತಮ್ಮ ಜೀವಕ್ಕೆ ತಾವೇ ಸಾಕ್ಷಿ ಹೇಳುವಂತಿಲ್ಲ, ಕಣ್ಣಾರೆ ಕಂಡ ಬೇರೊಬ್ಬರ ಹೇಳಿಕೆ ತನ್ನಿ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದರು. ಪಾಪ, ಬದುಕಿದ್ದೇನೆಂದು ತೋರಿಸಿಕೊಳ್ಳಲು ಅವರು ಮೂರು ತಿಂಗಳು ಚಪ್ಪಲಿ ಸವೆಸಿದರು.

ಮನೆಯಲ್ಲಾದರೂ ಬೇರೆ ಥರ ಇರುತ್ತಾರೆ ಅಂದುಕೊಂಡಿದ್ದೆ. ಎಲ್ಲಿ ಬಂತು. ಅವರ ಹೆಂಡತಿ ಹೊಲಿಗೆ ಕಲಿಸುತ್ತಿದ್ದರು. ನಾನು ಅತ್ತಿಗೆ ಅನ್ನುತ್ತಿದ್ದೆ. ಒಂದು ಬೆಳಿಗ್ಗೆ ಅವರು ಎರಡು ಪುಟದ ಕಾಗದ ಬರೆದು ಗಂಡನ ನೀರಿನ ಲೋಟದ ಕೆಳಗಿಟ್ಟರು. ಮೂವತ್ತೊಂದು ವರ್ಷದಲ್ಲಿ ನೀವು ನನ್ನ ತಪ್ಪು ತೋರಿಸಿದ್ದು ಬಿಟ್ಟರೆ ಬೇರೆ ಮಾತಾಡಿದ ನೆನಪಿಲ್ಲ, ನನಗೆ ಸಾಕಾಗಿದೆ ಎಂದು ಅದರಲ್ಲಿತ್ತು. ರಾಯರು ಕೆಂಪು ಪೆನ್ನಿನಲ್ಲಿ ಎರಡು ಕಡೆ ಕಾಗುಣಿತ ತಿದ್ದಿ, ಮೇಲೆ ‘ದಿನಾಂಕ ಇಲ್ಲ’ ಎಂದು ಬರೆದು, ಅದೇ ಲೋಟದ ಕೆಳಗಿಟ್ಟು ಕಚೇರಿಗೆ ಬಂದರು. ಅತ್ತಿಗೆ ಅಂದೇ ಅಕ್ಕನ ಮನೆಗೆ ಹೋದರು. ಇದನ್ನು ಕೇಳಿದಾಗ ನನಗೆ ರಾಯರ ಕೆನ್ನೆಗೆರಡು ಬಾರಿಸುವಷ್ಟು ಸಿಟ್ಟು ಬಂದಿತ್ತು.

ವಿಚ್ಛೇದನಕ್ಕೆ ವಕೀಲರು ಮದುವೆ ದಾಖಲೆಯ ನಕಲು ಕೇಳಿದರು. ಅದು ಸಿಗುವುದು ರಾಯರ ಕಿಟಕಿಯಲ್ಲಿ ಮಾತ್ರ. ಅತ್ತಿಗೆ ಎಲ್ಲರಂತೆ ಸಾಲಿನಲ್ಲಿ ನಿಂತು ಅರ್ಜಿ ಕೊಟ್ಟರು. ಚುಕ್ಕಿ, ದಿನಾಂಕ ಎಲ್ಲ ಸರಿಯಾಗಿತ್ತು. ರಾಯರು ತೆಗೆದುಕೊಂಡು ಮೂರನೆಯ ದಿನ ನಕಲು ಕೊಟ್ಟರು. ನಾಲ್ಕನೆಯ ದಿನ ಅತ್ತಿಗೆ ಮತ್ತೆ ಬಂದರು. ನಕಲು ನೋಡಿ ವಕೀಲರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ವರನ ಹೆಸರಿನ ಹಿಂದೆ ‘ದಿ.’ ಎಂದಿತ್ತು.

ನಮ್ಮ ಪುಸ್ತಕಗಳಲ್ಲಿ ದಿನಾಂಕಕ್ಕೂ ‘ದಿ.’, ದಿವಂಗತರಿಗೂ ‘ದಿ.’. ಅಂಕಿಯ ಹಿಂದೆ ಬಂದರೆ ತಾರೀಖು, ಹೆಸರಿನ ಹಿಂದೆ ಬಂದರೆ ತೀರಿಹೋದವರು. ರಾಯರ ಮದುವೆ ಇದೇ ಕಚೇರಿಯಲ್ಲಿ, ಇದೇ ಮೇಜಿನ ಮುಂದೆ ಆಗಿತ್ತು. ನಿನ್ನದನ್ನು ನೀನೇ ಬರೆದುಕೊಳ್ಳಪ್ಪ ಎಂದು ಅಂದಿನ ಸಾಹೇಬರು ಪುಸ್ತಕ ಮುಂದೆ ತಳ್ಳಿದ್ದರು. ದಿನಾಂಕದ ಕಾಲಮ್ಮಿನಲ್ಲಿ ಬರೆಯಬೇಕಾದ ‘ದಿ.’ ವರನ ಕಾಲಮ್ಮಿಗೆ ಬಿತ್ತು. ಗೀಚುವ ಹಾಗಿಲ್ಲವಲ್ಲ, ಅದರ ಪಕ್ಕದಲ್ಲೇ ಹೆಸರು ಬರೆದು ಮುಗಿಸಿದರು. ಹೀಗಾಗಿ ಪುಸ್ತಕದ ಪ್ರಕಾರ ಅತ್ತಿಗೆ ಕೈ ಹಿಡಿದದ್ದು ಸತ್ತವರನ್ನು. ಸತ್ತವರಿಂದ ಬಿಡುಗಡೆ ಕೊಡಿಸುವ ವಕೀಲರು ಇನ್ನೂ ಹುಟ್ಟಿಲ್ಲ.

ರಾಯರು ಸರಿಯಾಗಿ ಸಿಕ್ಕಿಕೊಂಡರು. ತಿದ್ದದಿದ್ದರೆ ಮದುವೆಯೇ ಆಗಿಲ್ಲ, ತಿದ್ದಿದರೆ ಮದುವೆ ಉಳಿಯುವುದಿಲ್ಲ. ಒಂದೆರಡು ತಿಂಗಳು ತಳ್ಳಿ, ಅಷ್ಟರಲ್ಲಿ ಅತ್ತಿಗೆಯ ಸಿಟ್ಟು ಇಳಿದೀತು ಎಂದು ನಾನು ಪಿಸುಗುಟ್ಟಿದೆ. ಅವರು ನನ್ನತ್ತ ತಿರುಗಲೂ ಇಲ್ಲ, ತಿದ್ದುಪಡಿಯ ಫಾರಂ ತೆಗೆದು ಕಿಟಕಿಯಿಂದ ಆಚೆ ನೀಡಿದರು. ಅದಕ್ಕೆ ವರ ಅಂದು ಬದುಕಿದ್ದನ್ನು ಕಂಡವರ ಹೇಳಿಕೆ ಬೇಕು. ಅಂದಿನ ಸಾಹೇಬರ ಮತ್ತು ಮದುವೆಗೆ ಸಾಕ್ಷಿ ಹಾಕಿದ್ದ ಇಬ್ಬರ ಮರಣವನ್ನೂ ರಾಯರೇ ಬರೆದಾಗಿತ್ತು. ರಾಯರು ತಮ್ಮ ಜೀವಕ್ಕೆ ತಾವೇ ಸಾಕ್ಷಿ ಹೇಳುವಂತಿರಲಿಲ್ಲ. ಉಳಿದದ್ದು ವಧು ಒಬ್ಬರೇ.

ಅತ್ತಿಗೆ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಬರೆದರು: “ಮದುವೆಯ ದಿನ ಇವರು ಬದುಕಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲಿನದು ನನಗೆ ಗೊತ್ತಿಲ್ಲ.” ದಿನಾಂಕ ಹಾಕಿ, ಸಹಿ ಮಾಡಿ ಒಳಗೆ ತಳ್ಳಿದರು.

ರಾಯರು ಅದನ್ನು ಮೂರು ಸಲ ಓದಿದರು. ಕೆಂಪು ಪೆನ್ನು ಮುಟ್ಟಲಿಲ್ಲ. ಪುಸ್ತಕ ತೆರೆದು, ‘ದಿ.’ ಮೇಲೆ ಅಡ್ಡಗೆರೆ ಎಳೆದು, ಷರಾ ಕಾಲಮ್ಮಿನಲ್ಲಿ ‘ಹೇಳಿಕೆ ಒಪ್ಪಲಾಗಿದೆ’ ಎಂದು ಬರೆದರು. ಸಾಹೇಬರ ಸಹಿ ತಂದು ಅರ್ಧ ಗಂಟೆಯಲ್ಲಿ ಹೊಸ ನಕಲು ಕೊಟ್ಟರು. ಅವರ ಸರ್ವೀಸಿನಲ್ಲಿ ಕೇಳಿದ ದಿನವೇ ಸಿಕ್ಕ ನಕಲು ಅದೊಂದೇ.

ಅತ್ತಿಗೆ ಹೊರಡದೆ ನಿಂತರು.

“ಜನ್ಮದಲ್ಲಿ ಒಂದು ತಪ್ಪು ಮಾಡದವರಿಗೆ ಅವತ್ತೇ ಯಾಕೆ ಕೈ ತಪ್ಪಿತು?”

ರಾಯರು ಕಾಗದಗಳ ಅಂಚು ಜೋಡಿಸುತ್ತ ಹೇಳಿದರು, “ನಿನ್ನ ಕಡೆ ನೋಡ್ತಾ ಇದ್ದೆ.”

ಅತ್ತಿಗೆ ಕಿಟಕಿಯ ಹತ್ತಿರಕ್ಕೆ ಬಗ್ಗಿದರು.

“ಮೂವತ್ತೊಂದು ವರ್ಷ ಇದನ್ನ ಯಾವ ಫೈಲಲ್ಲಿ ಇಟ್ಟಿದ್ರಿ?”

ಅತ್ತಿಗೆ ಕಾದರು. ನಾನೂ ಕಾದೆ. ಈಗಲಾದರೂ ಬಾಯಿ ಬಿಡಬಾರದೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅತ್ತಿಗೆ ನಕಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದ ಮೇಲೆ ರಾಯರು ಮುಂದಿನವರನ್ನು ಕರೆದರು.

ಎಂಟು ತಿಂಗಳಿಗೆ ವಿಚ್ಛೇದನದ ಆದೇಶ ನನ್ನ ಟಪಾಲಿನಲ್ಲೇ ಬಂತು. ಅದನ್ನು ಮದುವೆ ಪುಸ್ತಕದ ಅದೇ ಸಾಲಿನ ಷರಾದಲ್ಲಿ ಬರೆಯಬೇಕು. ಕೊಡಿ, ಇದೊಂದನ್ನ ನಾನು ಬರೀತೀನಿ ಎಂದೆ. ಬೇಡ ಎಂದು ತಲೆಯಾಡಿಸಿದರು. ಆದೇಶದ ನಂಬರು, ದಿನಾಂಕ, ಇಬ್ಬರ ಹೆಸರು, ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ಬರೆದರು. ಮೇಜಿನ ಎದುರು ಯಾರೂ ಕೂತಿರಲಿಲ್ಲ. ಒಂದು ತಪ್ಪೂ ಆಗಲಿಲ್ಲ.