ಏನೂ ಕೇಳದ ಮೆಸೇಜು

ಕಳೆದ ತಿಂಗಳು ತೀರಿಕೊಂಡ ನನ್ನ ಗೆಳೆಯ ಸೆಲ್ವರಾಜ್ ಲಿಫ್ಟ್ ಮೆಕ್ಯಾನಿಕ್. ಅವನ ಅಪ್ಪ ನಂದಿದುರ್ಗದ ಚಿನ್ನದ ಗಣಿಯಲ್ಲಿ ಆಳುಗಳನ್ನು ಕೆಳಗಿಳಿಸುವ ಯಂತ್ರ ನಡೆಸುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಮಗ ಬೆಂಗಳೂರಿನ ಕಟ್ಟಡಗಳಿಗೆ ಹೋಗಿ ಬರತೊಡಗಿದ. ಬೆಳಿಗ್ಗೆ ಮಾರಿಕುಪ್ಪಂ ರೈಲು, ಸಂಜೆಗೂ ಅದೇ.

ರೈಲಿನಲ್ಲಿ ಅವನದೊಂದು ಮೇಷ್ಟ್ರ ಕೆಲಸವಿತ್ತು. ಫಿಟ್ಟರು, ವೈರ್‌ಮನ್ನುಗಳು ದೊಡ್ಡ ಕಂಪನಿಯ ಇಂಜಿನಿಯರುಗಳಿಗೆ ಮೆಸೇಜು ಬರೆಯುವಾಗ ಮೊದಲು ಇವನಿಗೆ ತೋರಿಸುತ್ತಿದ್ದರು. ಎಲ್ಲರದೂ ಒಂದೇ ಧಾಟಿ: ಗೌರವಾನ್ವಿತ ಸರ್, ನಾನು ಬಡವ, ಕೆಲಸ ಕೊಡಿಸಿ.

“ಏನ್ಲಾ ಇದು, ಗುಡಿ ಬಾಗಿಲಾಗೆ ಕೂತ್ಕೊಂಡು ಬೇಡ್ದಂಗೆ?” ಎಂದು ನಗುತ್ತಿದ್ದ. “ಅವ್ರ ಕೆಲ್ಸದಾಗೆ ನಿಂಗೆ ಏನ್ ಇಡಿಸ್ತು, ಅದ್ನ ಬರಿ. ನೀನು ಕಣ್ಣಾರೆ ಕಂಡಿದ್ದು ಒಂದು ಬರಿ. ಏನೂ ಕೇಳ್ಬ್ಯಾಡ. ಮೊದ್ಲು ಮನುಷ್ರು ಪರಿಚಯ ಆಗ್ಲಿ.”

ಇದನ್ನೆಲ್ಲ ಮನಸ್ಸಿಟ್ಟು ಕೇಳುತ್ತಿದ್ದವನು ಅಶ್ವಥ್. ಸೆಲ್ವನ ಜೊತೆಯಲ್ಲೇ ದುಡಿಯುವ ಮೆಕ್ಯಾನಿಕ್, ಬಂಗಾರಪೇಟೆಯಲ್ಲಿ ಹತ್ತುತ್ತಿದ್ದ. ಸೆಲ್ವ ಅವನಿಗೆ ಸೀಟು ಹಿಡಿದಿಡುತ್ತಿದ್ದ. ಹೆಂಡತಿ ಮೀನಾ ಕಟ್ಟಿಕೊಟ್ಟ ಡಬ್ಬಿಯಲ್ಲಿ ಅವನಿಗೂ ಪಾಲಿತ್ತು.

ಸೆಲ್ವನಿಗೆ ಕೆಲವು ವರ್ಷಗಳಿಂದ ಎದೆನೋವು. ಲಿಫ್ಟ್ ಕೆಟ್ಟ ಕಟ್ಟಡದಲ್ಲಿ ಮೆಕ್ಯಾನಿಕ್ ಮೆಟ್ಟಿಲು ಹತ್ತಲೇಬೇಕು. ಮಾತ್ರೆ ನುಂಗಿ ಹತ್ತುತ್ತಿದ್ದ. ಆ ಕಾಲದಲ್ಲೇ ಆಂಜನಪ್ಪ ಎಂಬ ಕಾಮಸಮುದ್ರದ ಕಡೆಯ ಇಂಜಿನಿಯರೊಬ್ಬರ ಪಾಠವನ್ನು ಫೋನಿನಲ್ಲಿ ನೋಡಿ ಅವರಿಗೆ ಬರೆದ: ‘ನೀವು ಹೇಳಿದಂತೆ ಹಳೆಯ ಲಿಫ್ಟೊಂದರ ಬ್ರೇಕ್ ಬಿಚ್ಚಿ ನೋಡಿದೆ. ಒಂದು ಕಡೆ ಮಾತ್ರ ಸವೆದಿದೆ. ಏಕಿರಬಹುದು ಸರ್?’ ಅವರು ಉತ್ತರಿಸಿದರು. ಅಲ್ಲಿಂದ ವರ್ಷವಿಡೀ ಇಬ್ಬರ ಮಾತು ನಡೆಯಿತು. ಮಾಲೂರಿನಲ್ಲಿ ತಮ್ಮ ಕಂಪನಿ ತರಬೇತಿ ಕೇಂದ್ರ ತೆರೆದಾಗ ಆಂಜನಪ್ಪನವರೇ ಕೇಳಿದರು, ‘ಪಾಠ ಹೇಳಲು ಬರುತ್ತೀರಾ?’

ಸೆಲ್ವ ಒಪ್ಪಿದ. ಈ ಸುದ್ದಿಯನ್ನು ಮೀನಾಳಿಗಿಂತ ಮೊದಲು ಅಶ್ವಥ್‌ಗೆ ಹೇಳಿದ.

ಆಮೇಲೆ ಆಂಜನಪ್ಪನವರು ಮೌನವಾದರು. ಕೊನೆಗೊಂದು ಮೆಸೇಜು ಬಂತು: ‘ನಿಮ್ಮ ಆರೋಗ್ಯ ಮುಖ್ಯ. ಇಂಥ ಗೆಳೆಯರಿರುವುದು ನಿಮ್ಮ ಪುಣ್ಯ.’ ಅದರ ಕೆಳಗೆ, ಅಶ್ವಥ್ ತಮಗೆ ಬರೆದದ್ದನ್ನೂ ಅವರು ಸೇರಿಸಿ ಕಳಿಸಿದ್ದರು.

‘ಸರ್, ನಿಮ್ಮ ಪಾಠ ನೋಡಿದ ಮೇಲೆ ಸೇಫ್ಟಿ ಬೆಲ್ಟ್ ಇಲ್ಲದೆ ಕೆಲಸಕ್ಕಿಳಿಯುವುದನ್ನು ಬಿಟ್ಟೆ. ಸೆಲ್ವಣ್ಣ ನನ್ನ ಗುರು. ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತದ್ದನ್ನು ಕಣ್ಣಾರೆ ಕಂಡೆ. ತಾವಾಗಿ ಹೇಳುವವರಲ್ಲ. ನನಗಾಗಿ ಏನೂ ಕೇಳುತ್ತಿಲ್ಲ.’

ನಮ್ಮ ಮನೆಯ ಜಗಲಿಯ ಮೇಲೆ ಕೂತು ಸೆಲ್ವ ಅದನ್ನು ನನಗೆ ಓದಿ ಹೇಳಿದ. “ಸೂಪರಾಗಿ ಬರ್ದವ್ನೆ ಮಚ್ಚಾ. ನಾನು ಏಳ್ಕೊಟ್ಟಂಗೇ.”

“ನೀನೂ ಬರಿ ಅವ್ರಿಗೆ.”

“ಏನಂತ? ಎದೆನೋವಿಲ್ಲ ಅಂತಾನಾ?”

“ಪಾಠ ಏಳಕ್ಕೆ ಮೆಟ್ಲು ಅತ್ಬೇಕಾಗಿಲ್ಲ ಅಂತ ಬರಿ.”

ಬರೆದ. ಉತ್ತರ ಬರುವಷ್ಟರಲ್ಲಿ ಆ ಜಾಗಕ್ಕೆ ಅಶ್ವಥ್ ಆಯ್ಕೆಯಾಗಿದ್ದ.

ಅಶ್ವಥ್ ಬೇರೆ ಬೋಗಿ ಹತ್ತತೊಡಗಿದ. ಸೆಲ್ವ ಅವನ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಆದರೆ ಯಾರಾದರೂ ಫೋನು ಚಾಚಿದರೆ, “ನಿಂಗೆ ತೋಚಿದ್ದು ಬರ್ಕೊಳಪ್ಪ” ಎಂದು ಕಿಟಕಿಯ ಕಡೆ ತಿರುಗುತ್ತಿದ್ದ. ಅವನು ಹಾಗೆ ತಿರುಗಿದ್ದನ್ನು ನೋಡಿದವರಿಗೇ ಗೊತ್ತು, ಏನು ಕಳೆದುಹೋಗಿತ್ತೆಂದು.

ಜಯನಗರದ ಕಟ್ಟಡವೊಂದರ ಮೆಟ್ಟಿಲ ಮೇಲೆ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡೇ ಸೆಲ್ವ ಕುಸಿದ. ಮಾಲೂರಿಗೆ ಹೋಗಿದ್ದರೆ ಉಳಿಯುತ್ತಿದ್ದನೋ ಏನೋ, ಡಾಕ್ಟರೂ ಹೇಳಲಾರರು. ನನಗೆ ಮಾತ್ರ ಆ ಮೆಟ್ಟಿಲುಗಳು ಕಣ್ಣಿನಿಂದ ಹೋಗುವುದಿಲ್ಲ.

ಮಣ್ಣಾದ ಮಾರನೆಯ ದಿನ ಅಶ್ವಥ್ ಮೈಸೂರು ಮೈನ್ಸ್ ಎಂಬ ಗಣಿ ಕಾಲೊನಿಯ ಸೆಲ್ವನ ಮನೆಗೆ ಬಂದ. ಮೀನಾಳ ಮುಂದೆ ಕೂತು ಅತ್ತ. ನಿಜವಾಗಿಯೇ ಅತ್ತ.

“ಅಕ್ಕಾ, ಅಣ್ಣನ್ ಮೇಲಿನ್ ಪ್ರೀತಿಗೇ ಬರ್ದಿದ್ದು. ಒಂದಕ್ಷರ ಸುಳ್ಳಿಲ್ಲ.”

“ಸುಳ್ಳಿಲ್ಲ ಕಣಪ್ಪ,” ಎಂದಳು ಮೀನಾ. “ದಿನಾ ಅವ್ರ ಪಕ್ಕದಾಗೇ ಕೂತಿರ್ತಿದ್ದಲ್ಲ. ‘ಅಣ್ಣಾ, ಇಂಗೆ ಬರೀಲಾ?’ ಅಂತ ಒಂದ್ಮಾತು ಕೇಳ್ಬೋದಿತ್ತು.”

ಅವನು ಅಲ್ಲೇ ಕೂತಿದ್ದ ನನ್ನ ಕಡೆ ನೋಡಿದ. ಬಸ್ಸಿಗೆ ಹೊತ್ತಾಯಿತೆಂದು ಎದ್ದ. ನಾನು ಬಾಗಿಲವರೆಗೂ ಹೋಗಲಿಲ್ಲ.