ರಬ್ಬರಿಲ್ಲದ ಮೌಂಟಿಂಗ್

ಅಣ್ಣ ತನ್ನ ಕಾರಿನ ಎಂಜಿನ್ನಿನ ಕೆಳಗೆ ನಡುಕ ತಡೆಯಲೆಂದು ಇದ್ದ ರಬ್ಬರ್ ಮೌಂಟಿಂಗ್‌ಗಳನ್ನು ಬಿಚ್ಚಿ ಅಲ್ಯೂಮಿನಿಯಂ ತುಂಡುಗಳನ್ನು ಕೂರಿಸಿದ ಮೇಲೆ, ಆ ಕಾರಿನಲ್ಲಿ ಕೂತು ಮಾತಾಡುವುದನ್ನು ನಾನು ಬಿಟ್ಟಿದ್ದೆ. ಬಾಯಿ ತೆರೆದರೆ ಹಲ್ಲಿಗೆ ಹಲ್ಲು ತಾಕುತ್ತಿತ್ತು.

ನಾವಿಬ್ಬರೂ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದೆವು. ಅವನು ಒಂದು ಮಷಿನ್ ಶಾಪಿನಲ್ಲಿ, ನಾನು ಇನ್ನೊಂದು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ. ವಾಸ ಕನಕಪುರದ ಬಾಡಿಗೆ ಮನೆಯಲ್ಲಿ. ಅಪ್ಪ, ಅವ್ವ, ಚಿಕ್ಕಪ್ಪನ ಮನೆಯವರು ಉಯ್ಯಂಬಳ್ಳಿ ಆಚೆಯ ನಮ್ಮೂರಲ್ಲಿ ಕುರಿ, ರಾಗಿ ಹೊಲ ನೋಡಿಕೊಂಡಿದ್ದರು. ಅಣ್ಣನಿಗೆ ಇದ್ದ ಒಂದೇ ಹುಚ್ಚೆಂದರೆ ಆ ಹಳೆಯ ಸಣ್ಣ ಕಾರು. ಗುಜರಿಯಲ್ಲಿ ಸಿಕ್ಕ ದೊಡ್ಡ ಎಂಜಿನ್ ತಂದು ಅದಕ್ಕೆ ಹಾಕಿದ್ದ. ಅದರ ಸೆಳೆತಕ್ಕೆ ಎಂಜಿನ್ ಅತ್ತಿತ್ತ ವಾಲಾಡಿ, ರಬ್ಬರ್‌ಗಳು ಪದೇ ಪದೇ ಹರಿದುಹೋಗುತ್ತಿದ್ದವು. ಕೊನೆಗೆ ಶಿಫ್ಟ್ ಮುಗಿದ ಮೇಲೆ ಶಾಪಿನ ಲೇತ್ ಯಂತ್ರದಲ್ಲಿ ತಾನೇ ಅಲ್ಯೂಮಿನಿಯಂ ಕಡೆದು ಮೌಂಟಿಂಗ್ ಮಾಡಿಕೊಂಡ. ಎಂಜಿನ್ನು ಕಾರಿನ ಮೈಗೆ ಬಿಗಿದಂತೆ ನಿಂತಿತು. ಅಂದಿನಿಂದ ಅದರ ನಡುಕವೆಲ್ಲ ಸೀಟಿಗೆ, ಗಾಜಿಗೆ, ನಮ್ಮ ಬೆನ್ನುಮೂಳೆಗೆ.

"ಗೇರ್ ಎಂಗ್ ಬೀಳ್ತೈತೆ ನೋಡು, ಬೆಣ್ಣೆ ಕುಯ್ದಂಗೆ" ಅನ್ನುತ್ತಿದ್ದ. ನಿಜ, ಗೇರು ಚೆನ್ನಾಗಿ ಬೀಳುತ್ತಿತ್ತು. ಆದರೆ ಕನ್ನಡಿಯಲ್ಲಿ ಹಿಂದಿನ ಬಸ್ಸು ಕಲಸಿಹೋಗಿ ಕಾಣುತ್ತಿತ್ತು, ಹಿಂದಿನ ಎಡಬಾಗಿಲಿನ ಹಿಡಿ ಒಳಗೆಲ್ಲೋ ಕಳಚಿಕೊಂಡಿತ್ತು. ಭಾನುವಾರ ಮಾಡ್ತೀನಿ ಅನ್ನುತ್ತಲೇ ಇದ್ದ.

ಆ ಬೇಸಿಗೆಯಲ್ಲಿ ನಮ್ಮ ಟಗರು ಅಪ್ಪನ ಮುಖಕ್ಕೆ ಗುದ್ದಿತು. ಕಣ್ಣಿನ ಹಿಂದಿನ ಪರದೆ ಕಿತ್ತುಬಂದಿದೆ ಎಂದು ರಾಮನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು. ಪರದೆಯನ್ನು ಒತ್ತಿಹಿಡಿಯಲು ಕಣ್ಣಿನೊಳಗೆ ಗಾಳಿ ತುಂಬಿದ್ದರು. ಆ ಗಾಳಿ ಸರಿಯಾದ ಜಾಗದಲ್ಲಿ ನಿಲ್ಲಬೇಕಾದರೆ ಅಪ್ಪ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟ ಮಾಡುವಾಗಲೂ, ಮಲಗುವಾಗಲೂ. "ತಲೆ ಎತ್ತಿಸಬೇಡಿ, ಗಾಡಿ ಎತ್ತಿಹಾಕದ ಹಾಗೆ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿ ಕಳಿಸಿದರು.

ಅಪ್ಪನನ್ನು ಊರಿಗೆ ಕರೆದೊಯ್ಯಲು ಬರಬೇಕಿದ್ದ ಟ್ಯಾಕ್ಸಿಯವನು ಫೋನ್ ತೆಗೆಯಲಿಲ್ಲ. ಅಣ್ಣ, "ನಮ್ ಕಾರೇ ಐತಲ್ಲ" ಅಂದ.

"ಆ ನಡುಕದಲ್ಲಾ?"

"ನಿಂತಾಗ ಮಾತ್ರ ಕಣೇ ನಡುಗೋದು. ಓಡ್ತಾ ಇದ್ರೆ ಏನಿಲ್ಲ. ನಾನು ಎಲ್ಲೂ ನಿಲ್ಸಲ್ಲ."

ನನಗೆ ಬೇರೆ ದಾರಿ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಅಪ್ಪನನ್ನು ಬೋರಲು ಮಲಗಿಸಿಕೊಂಡೆ. ಅಪ್ಪನ ಕಾಲು ಎಡಬಾಗಿಲಿನ ಕಡೆ ಮಡಿಚಿಕೊಂಡಿತ್ತು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ.

ಅಣ್ಣ ಹೇಳಿದ್ದು ಸುಳ್ಳಲ್ಲ, ಓಡುವಾಗ ನಡುಕ ಸಣ್ಣಗಿತ್ತು. ಆದರೆ ನಿಲ್ಲದೆ ಯಾರಿಗೆ ಹೋಗಲಾಗುತ್ತದೆ? ಪ್ರತಿ ರಸ್ತೆಯುಬ್ಬಿಗೆ, ಪ್ರತಿ ಅಡ್ಡರಸ್ತೆಗೆ ವೇಗ ಇಳಿದಾಗಲೆಲ್ಲ ಕಾರು ಜ್ವರ ಬಂದವರಂತೆ ನಡುಗುತ್ತಿತ್ತು. ಕನಕಪುರದ ಪೇಟೆಯಲ್ಲಿ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿತು. ಅಪ್ಪನ ತಲೆಯೊಳಗಿನ ನಡುಕ ನನ್ನ ಅಂಗೈಗೆ ತಿಳಿಯುತ್ತಿತ್ತು. ಕಣ್ಣೊಳಗೆ ಆ ತೆಳ್ಳನೆ ಪರದೆ ಏನಾಗುತ್ತಿದೆಯೋ ಎಂದು ಯೋಚಿಸದಿರಲು ಹೊರಗಿನ ಅಂಗಡಿಗಳ ಬೋರ್ಡು ಓದುತ್ತಾ ಕೂತೆ.

"ಯಾಕವ್ವ ಇಂಗ್ ನಡುಗ್ತೈತೆ ಗಾಡಿ?" ಎಂದ ಅಪ್ಪ ದಿಂಬಿನೊಳಗಿಂದ.

"ಒಸಿ ತಡ್ಕಪ್ಪ, ಟ್ರಾಫಿಕ್ಕು" ಅಂದ ಅಣ್ಣ. ಅವನ ಕತ್ತು ಬೆವತಿತ್ತು. ಎಂಜಿನ್ ಆಫ್ ಮಾಡಿದ, ಲಾರಿ ಸರಿದ ಮೇಲೆ ಮತ್ತೆ ಶುರು ಮಾಡಿದ. ಶುರುವಾಗುವಾಗಿನ ಆ ಒದೆತಕ್ಕೆ ಅಪ್ಪ ನರಳಿದ.

ಕನಕಪುರ ದಾಟಿ ಬೋಳು ರಸ್ತೆಗೆ ಬಂದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಪ್ಪನೇ ಅಂದ: "ಪೆಟ್ರೋಲ್ ನಾತ ಬತ್ತೈತೆ."

"ಬಂಕಲ್ಲಿ ಹಾಕಿಸಿದ್ದು, ಕೈಗೆ ಅಂಟಿರ್ತದೆ" ಅಂದ ಅಣ್ಣ.

ನನಗೂ ಬಂತು. ಮೊದಲು ತೆಳ್ಳಗೆ, ಆಮೇಲೆ ಗಂಟಲಿಗೆ ಹತ್ತುವಷ್ಟು. "ಅಣ್ಣ, ನಿಲ್ಸು" ಅಂದೆ. ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಡುಗುತ್ತದೆ ಎನ್ನುವುದೊಂದೇ ಅವನ ತಲೆಯಲ್ಲಿ. ಅಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಬಿಳಿ ಆವಿಯ ಎಳೆಯೊಂದು ಎದ್ದು ಗಾಜಿನ ಮೇಲೆ ಹರಿದುಹೋಯಿತು. ಆಗ ಅವನು ಕಾರನ್ನು ರಸ್ತೆ ಬದಿಗೆ ತಂದು, ಕೀ ತಿರುಗಿಸಿ ಆಫ್ ಮಾಡಿ, ಕೆಳಗೆ ಜಿಗಿದ.

ಇದ್ದಕ್ಕಿದ್ದಂತೆ ಸದ್ದೆಲ್ಲ ನಿಂತಿತು. ಆ ನಿಶ್ಶಬ್ದದಲ್ಲಿ ಬಿಸಿ ಕಬ್ಬಿಣದ ಮೇಲೆ ಹನಿ ಬಿದ್ದು ಚುಂಯ್ ಅನ್ನುವುದು ಕೇಳಿಸಿತು. ಇನ್ನೊಂದು ಹನಿ. ಮತ್ತೊಂದು.

ಅಣ್ಣ ಸುತ್ತಿ ಬಂದು ಎಡಬಾಗಿಲಿನ ಹಿಡಿ ಎಳೆದ. ಅದು ಕೈಯಲ್ಲಿ ಸಡಿಲವಾಗಿ ಆಡಿತು, ಬಾಗಿಲು ತೆರೆಯಲಿಲ್ಲ. ಮತ್ತೆ ಎಳೆದ. ಕಾಲು ಕೊಟ್ಟು ಎಳೆದ. ಅವನ ಮುಖ ಗಾಜಿನ ಹತ್ತಿರ ಬಂದಾಗ, ಅವನು ಅಷ್ಟು ಹೆದರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ ಅನಿಸಿತು.

"ಈ ಕಡೆ ಬಾ" ಎಂದು ಕೂಗಿ ನನ್ನ ಕಡೆಯ ಬಾಗಿಲು ತೆರೆದೆ. ಅಪ್ಪನ ತಲೆಯನ್ನು ದಿಂಬಿನ ಸಮೇತ ಹಿಡಿದುಕೊಂಡೇ ಹಿಂದಕ್ಕೆ ಜರುಗುತ್ತಾ ಹೊರಗೆ ಕಾಲಿಟ್ಟೆ. "ಅಪ್ಪ, ತಲೆ ಎತ್ತಬೇಡ. ಮಂಡಿ ಮೇಲೆ ಬಾ. ನಾನ್ ಹಿಡ್ಕೊಂಡಿದ್ದೀನಿ."

ಅಪ್ಪ ಮಗುವಿನಂತೆ ಅಂಬೆಗಾಲಿಟ್ಟು ಸೀಟಿನ ಮೇಲೆ ಬಂದ. ಅಣ್ಣ ಸೊಂಟಕ್ಕೆ ಕೈಹಾಕಿ ಇಳಿಸಿಕೊಂಡ. ಬಗ್ಗಿದಂತೆಯೇ ಅಪ್ಪನನ್ನು ನಡೆಸಿಕೊಂಡು, ದೂರದ ಹೊಂಗೆ ಮರದವರೆಗೆ ಹೋದೆವು. ಅಲ್ಲಿ ಕೂರಿಸಿ ಹಣೆಯನ್ನು ಮಂಡಿಗೆ ಆನಿಸಿದೆ.

ಅಲ್ಲಿಂದ ಕಾರನ್ನೇ ನೋಡುತ್ತಾ ಕೂತೆವು. ಬಾನೆಟ್ಟಿನಿಂದ ಆವಿ ಇನ್ನೂ ಏಳುತ್ತಿತ್ತು. ಯಾವ ಗಳಿಗೆಯಲ್ಲಾದರೂ ಹೊತ್ತಿಕೊಳ್ಳಬಹುದಿತ್ತು. ಅಣ್ಣ ಎದ್ದ. "ಬ್ಯಾಟರಿ ವೈರ್ ಕಿತ್ತಾಕಿ ಬತ್ತೀನಿ."

ಅಪ್ಪ ತಲೆ ಎತ್ತದೆಯೇ ಕೈಚಾಚಿ ತಡಕಾಡಿ ಅವನ ಕಣಕಾಲು ಹಿಡಿದ. "ಕೂತ್ಕಳ್ಲಾ."

"ಉರ್ದೋಯ್ತದೆ ಅಪ್ಪ. ಎಷ್ಟು ದಿನದ ಕೆಲ್ಸ ಗೊತ್ತಾ ಅದು?"

"ಉರ್ಕೊಂಡೋಗ್ಲಿ. ನೀನು ಕೂತ್ಕೊ."

ಅಣ್ಣ ಕಾಲು ಬಿಡಿಸಿಕೊಳ್ಳಲು ನೋಡಿದ. ಜೋರಾಗಿ ಎಳೆದರೆ ಅಪ್ಪನ ಮೈ ಅಲುಗುತ್ತದೆ. ಅದು ಅವನಿಗೂ ಗೊತ್ತು, ಅಪ್ಪನಿಗೂ ಗೊತ್ತು. ಅವನು ನಿಂತಲ್ಲೇ ಕುಸಿದು ಕೂತ. ಅಪ್ಪ ಹಿಡಿತ ಬಿಡಲಿಲ್ಲ. ನಾನು ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ವ್ಯಾನು ತೆಗೆದುಕೊಂಡು ಬರಲು ಹೇಳಿದೆ. ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಧಾನಿಸಿ ಕಾರಿನತ್ತ ಬಗ್ಗಿ ನೋಡಿದರು. ಹತ್ತಿರ ಹೋಗಬೇಡಿ ಎಂದು ಕೈಬೀಸಿದೆ.

ಹೊತ್ತಿಕೊಳ್ಳಲಿಲ್ಲ. ಆವಿ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ವ್ಯಾನು ಬಂದು, ಕಾರು ಪೂರ್ತಿ ತಣ್ಣಗಾದ ಮೇಲೆಯೇ ಅಪ್ಪ ಅಣ್ಣನ ಕಾಲು ಬಿಟ್ಟಿದ್ದು. ಅಣ್ಣ ಬಾನೆಟ್ ಎತ್ತಿದಾಗ ನಾನೂ ಹೋಗಿ ನೋಡಿದೆ. ಪೆಟ್ರೋಲ್ ಪೈಪನ್ನು ಹಿಡಿದಿದ್ದ ಕ್ಲಿಪ್ಪು ನಡುಕಕ್ಕೆ ಮುರಿದುಹೋಗಿತ್ತು. ಪೈಪು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆದು ತೂತಾಗಿತ್ತು. ಸರಿಯಾಗಿ ಅದರ ಕೆಳಗೇ ಸೈಲೆನ್ಸರಿನ ಪೈಪು. ಅಣ್ಣ ಆ ತೂತಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ.

ಮರುವಾರ ರಾಮನಗರಕ್ಕೆ ಬಾಡಿಗೆ ಕಾರಿನಲ್ಲಿ ಹೋದೆವು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡುವಾಗ ಅಣ್ಣ ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತಿದ್ದ. ಒಂದು ಕಣ್ಣು ನೋಡಿ, ಇನ್ನೊಂದು ನೋಡಿ, ಮತ್ತೆ ಮೊದಲಿನದಕ್ಕೇ ಬಂದರು.

"ಪರದೆ ಅಂಟಿಕೊಂಡಿದೆ" ಅಂದರು ಕೊನೆಗೆ. "ಮೊದಲಿನಷ್ಟು ದೃಷ್ಟಿ ಬರುತ್ತೆ ಅಂತ ಹೇಳಲಾರೆ. ಆದರೆ ಕೆಲಸಕ್ಕೆ ಸಾಕಾಗುವಷ್ಟು ಬರುತ್ತೆ."

ನಾನು ಹೊರಗೆ ಬಂದು ಅಣ್ಣನಿಗೆ ಹೇಳಿದೆ. ಅವನು ತಲೆಯಾಡಿಸಿದ, ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ.

ಆ ಭಾನುವಾರ ಕಾರನ್ನು ಜಾಕಿ ಮೇಲೆ ಎತ್ತಿ, ಅಲ್ಯೂಮಿನಿಯಂ ತುಂಡುಗಳನ್ನು ತೆಗೆದು, ಗಟ್ಟಿ ರಬ್ಬರಿನ ಹೊಸ ಮೌಂಟಿಂಗ್ ಹಾಕಿದ. ಗೇರು ಮೊದಲಿನ ಹಾಗೆ ಬೀಳುವುದಿಲ್ಲ ಎಂದು ಈಗಲೂ ಒಮ್ಮೊಮ್ಮೆ ಗೊಣಗುತ್ತಾನೆ. ಅಪ್ಪ ಮಾತ್ರ ಅವನ ಪಕ್ಕದ ಸೀಟಿನಲ್ಲೇ ಕೂರುತ್ತಾನೆ, "ಒಸಿ ಬೇಗ ಓಡ್ಸು ಕಣ್ಲಾ" ಅನ್ನುತ್ತಾನೆ.